ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರದ ಲೆಕ್ಕ, ಹೊತ್ತಿನ ಲೆಕ್ಕ

ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ಮನೆಗಳಲ್ಲಿ ಈ ಪ್ರಯಾಣದ ಮಾತು ಆಗಾಗ ಬರುತ್ತದೆ. ಅದರ ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಬರುತ್ತವೆ.

ತಪ್ಪು ಕಲ್ಪನೆ: ಗೋಡೆಯ ಭೂಪಟದ ಮೇಲೆ ಎಳೆದ ನೇರ ಗೆರೆಯೇ ಅತಿ ಹತ್ತಿರದ ದಾರಿ.
ವಾಸ್ತವ: ಭೂಪಟ ಚಪ್ಪಟೆ, ಭೂಮಿ ಗುಂಡು. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿಹಿಡಿದು ನೋಡಿ. ಅದು ಚೀನಾ ದಾಟಿ ಸೈಬೀರಿಯಾದ ಈಶಾನ್ಯ ಮೂಲೆಗೆ ಏರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ.

ತಪ್ಪು ಕಲ್ಪನೆ: ಹಾಗಾದರೆ ವಿಮಾನ ಆ ದಾರಿಯಲ್ಲೇ ಹಾರುತ್ತದೆ.
ವಾಸ್ತವ: ಹಾರಲೇಬೇಕೆಂದಿಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂತು. ಕ್ರಮಿಸಿದ್ದು ಸುಮಾರು 16,000 ಕಿ.ಮೀ. ಇಂಥ ಸುತ್ತುದಾರಿಗೆ ದೊಡ್ಡ ಕಾರಣ ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದುಂಟು. ಅದಕ್ಕೆ ಎದುರಾಗಿ ಹಾರಿ ಇಂಧನ ಸುಡುವುದಕ್ಕಿಂತ ಸುತ್ತಿ ಬರುವುದೇ ಎಷ್ಟೋ ಸಲ ಲಾಭ. ಯುದ್ಧ, ಮುಚ್ಚಿದ ವಾಯುಪ್ರದೇಶಗಳೂ ದಾರಿ ಬದಲಿಸುತ್ತವೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಏರ್‌ನ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಒಂಬತ್ತು ಗಂಟೆ ಚಿಲ್ಲರೆಯಿಂದ 13 ಗಂಟೆಯ ಹತ್ತಿರಕ್ಕೆ ಹೋಯಿತು.

ತಪ್ಪು ಕಲ್ಪನೆ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪುತ್ತದೆ.
ವಾಸ್ತವ: ವಾತಾವರಣವೂ ಭೂಮಿಯೊಡನೆಯೇ ತಿರುಗುತ್ತದೆ. ಗಾಳಿಯ ಬಲ ಸಿಗುವುದು ಪೂರ್ವಕ್ಕೆ ಹಾರುವವರಿಗೆ. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಐದು ಗಂಟೆಯೊಳಗೇ ಲಂಡನ್ ಮುಟ್ಟಿತ್ತು.

ತಪ್ಪು ಕಲ್ಪನೆ: ಟಿಕೆಟ್ಟಿನಲ್ಲಿರುವ ಎರಡು ಸಮಯಗಳನ್ನು ಕಳೆದರೆ ಪ್ರಯಾಣದ ಅವಧಿ ಸಿಗುತ್ತದೆ.
ವಾಸ್ತವ: ಎರಡೂ ಆಯಾ ಊರಿನ ಸ್ಥಳೀಯ ಸಮಯಗಳು. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ತಾರೀಕು ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಿರಿ ಎನ್ನೋಣ. ನೋಡಲು ಮೂರು ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ನೀವು ಕಳೆದದ್ದು ಹದಿನಾರೂವರೆ ಗಂಟೆ. ಮಾರ್ಚಿನಿಂದ ನವೆಂಬರಿನವರೆಗೆ ಅಮೆರಿಕನ್ನರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಹೀಗೆ ಲೆಕ್ಕ ಹಾಕಿದ ಪ್ರಯಾಣದ ಅವಧಿಯೂ ಬರೀ ಹಾರಾಟದ್ದಲ್ಲ. ಗೇಟು ಬಿಟ್ಟಲ್ಲಿಂದ ಗೇಟು ಮುಟ್ಟುವವರೆಗಿನದು, ರನ್‌ವೇ ಸರದಿಗೆ ಕಾದದ್ದೂ ಸೇರಿ.

ವಯಸ್ಸಾದ ಅಪ್ಪ–ಅಮ್ಮನನ್ನು ಕಳಿಸುವವರು ಈ ಅವಧಿಯನ್ನೇ ಮೊದಲು ನೋಡಿಕೊಳ್ಳಿ. ಇನ್ಸುಲಿನ್ ಅಥವಾ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಗಡಿಯಾರದ ಸಮಯವನ್ನಷ್ಟೇ ಹೇಳದೆ ಒಟ್ಟು ಎಷ್ಟು ಗಂಟೆಯ ಪ್ರಯಾಣವೆಂದು ಹೇಳಿ, ಹೊರಡುವ ಮೊದಲೇ ವೈದ್ಯರ ಸಲಹೆ ಪಡೆಯಿರಿ.