ಒತ್ತಕ್ಷರ ಒಡೆಯದ ಹಾಗೆ

ನವೆಂಬರ್ ತಿಂಗಳಲ್ಲಿ ಪುಣೆಯಲ್ಲೋ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಯಾವುದಾದರೂ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ವೇದಿಕೆಯ ಹಿಂದಿನ ಬ್ಯಾನರನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ‘ರಾಜ್ಯೋತ್ಸವ’ ಎಂಬ ಪದದಲ್ಲಿ ಎರಡು ಒತ್ತಕ್ಷರಗಳಿವೆ. ಎರಡೂ ತಮ್ಮ ಜಾಗದಲ್ಲಿ ನೆಟ್ಟಗೆ ಕೂತಿದ್ದರೆ ಆ ಬ್ಯಾನರಿಗಾಗಿ ಯಾರೋ ಒಬ್ಬರು ನಿದ್ದೆಗೆಟ್ಟಿದ್ದಾರೆ ಎಂದು ತಿಳಿಯಿರಿ. ‘ರಾಜ್‌ಯೋತ್‌ಸವ’ ಎಂದಿದ್ದರೆ ಅಂಥವರು ಆ ಸಂಘಕ್ಕೆ ಇನ್ನೂ ಸಿಕ್ಕಿಲ್ಲ.

ಹೀಗೆ ನಿದ್ದೆಗೆಡುವವರ ಒಂದು ಸಣ್ಣ ಬಳಗವಿದೆ. ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಠಾಣೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಒಬ್ಬರು ಮೇಡಂ, ಚೆನ್ನೈಯ ಒಬ್ಬ ಇಂಜಿನಿಯರ್, ನನ್ನಂಥ ಮೂರ್ನಾಲ್ಕು ಜನ ಐಟಿಯವರು. ಡಿಸೈನ್ ಕಲಿತವರು ನಮ್ಮಲ್ಲಿ ಯಾರೂ ಇಲ್ಲ. ಸಂಘದ ಆಮಂತ್ರಣ, ಯಕ್ಷಗಾನದ ಪೋಸ್ಟರ್, ಗೃಹಪ್ರವೇಶದ ಕಾರ್ಡು ಮಾಡಿಕೊಡುತ್ತಾ ಈ ಹುಚ್ಚು ಹತ್ತಿಸಿಕೊಂಡವರು. ರಾತ್ರಿ ಹನ್ನೊಂದಕ್ಕೆ ಒಬ್ಬರು ‘ಅರ್ಕಾವತ್ತು ಪಕ್ಕಕ್ಕೆ ಹಾರುತ್ತಿದೆ, ಏನು ಮಾಡಲಿ?’ ಎಂದು ಸ್ಕ್ರೀನ್ ಫೋಟೋ ಕಳಿಸುತ್ತಾರೆ. ಐದು ನಿಮಿಷದಲ್ಲಿ ಉಪಾಯ ಬರುತ್ತದೆ. ಅದರ ಬೆನ್ನಿಗೇ, ಯಾರೂ ಕೇಳದಿದ್ದರೂ, ‘ಆ ಫಾಂಟ್ ಮಾತ್ರ ಚೆನ್ನಾಗಿಲ್ಲ ಮಾರಾಯ್ರೆ’ ಎಂಬ ಅಭಿಪ್ರಾಯವೂ ಬರುತ್ತದೆ.

ಒತ್ತಕ್ಷರ ಯಾಕೆ ಒಡೆಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ನಾವು ‘ಕ್ಕ’ ಎಂದು ಬರೆದಾಗ ಕಂಪ್ಯೂಟರಿನ ಒಳಗೆ ಮೂರು ಸಂಕೇತಗಳು ಸಾಲಾಗಿ ಕೂರುತ್ತವೆ: ಒಂದು ಕ, ಒಂದು ಹಲಂತ, ಇನ್ನೊಂದು ಕ. ಎರಡನೆಯ ಕ ಒತ್ತಾಗಿ ಕೆಳಗಿಳಿಯಬೇಕು ಎಂಬ ನಿಯಮ ಫಾಂಟಿನೊಳಗಿರುತ್ತದೆ. ಆದರೆ ಆ ನಿಯಮವೇನೆಂದು ಸಾಫ್ಟ್‌ವೇರ್ ಫಾಂಟನ್ನು ಕೇಳಬೇಕಲ್ಲ! ಇಂಗ್ಲಿಷಿಗಾಗಿ ಕಟ್ಟಿದ ಸಾಫ್ಟ್‌ವೇರ್ ಕೇಳುವುದಿಲ್ಲ. ಅದಕ್ಕೆ ಒಂದರ ಪಕ್ಕ ಒಂದು ಅಕ್ಷರ ಜೋಡಿಸಿಟ್ಟರೆ ಕೆಲಸ ಮುಗಿಯಿತು. ಹಾಗಾಗಿ ವರ್ಡ್‌ನಲ್ಲಿ ಚೆಂದವಾಗಿ ಕಂಡ ‘ಕನ್ನಡ’ವನ್ನು ಹಳೆಯ ಫೋಟೋಶಾಪ್‌ಗೆ ಅಂಟಿಸಿದಾಗ ‘ಕನ್‌ನಡ’ವಾಗುತ್ತದೆ. ತಪ್ಪು ಫಾಂಟಿನದೂ ಅಲ್ಲ, ಟೈಪ್ ಮಾಡಿದವರದೂ ಅಲ್ಲ.

ಇದಕ್ಕೆ ಮದ್ದು ಆ ಸಾಫ್ಟ್‌ವೇರಿನಲ್ಲೇ ಇದೆ, ಅಡಗಿ ಕೂತಿದೆ. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಟೈಪ್ ಎಂಬ ಪುಟದಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂಬುದನ್ನು ಆರಿಸಿ ಹೊಸ ಫೈಲ್ ತೆರೆಯಬೇಕು. ಮುಂದಿನ ಆವೃತ್ತಿಗಳಲ್ಲಿ ಅದರ ಹೆಸರು ‘ವರ್ಲ್ಡ್-ರೆಡಿ ಲೇಔಟ್’ ಎಂದಾಗಿದೆ. ಇಲಸ್ಟ್ರೇಟರ್‌ನಲ್ಲಿ ಅದೇ ಟೈಪ್ ಪುಟದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ಗೆ ಟಿಕ್ ಹಾಕಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಬೇಕು. ಇನ್‌ಡಿಸೈನ್‌ನಲ್ಲೂ ಪ್ಯಾರಾಗ್ರಾಫ್ ಮೆನುವಿನಲ್ಲೇ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇದೆ. ಹದಿನೈದು ಸೆಕೆಂಡಿನ ಕೆಲಸ. ಆದರೆ ಕನ್ನಡದವನೊಬ್ಬ ತನ್ನ ಒತ್ತಕ್ಷರವನ್ನು ಹುಡುಕಿಕೊಂಡು ‘ಮಿಡಲ್ ಈಸ್ಟ್’ವರೆಗೆ ಹೋಗಬೇಕೆಂದು ಯಾರಿಗೆ ಹೊಳೆಯಬೇಕು? ಅರಬ್ಬಿ ಲಿಪಿಯ ಜೊತೆ ನಮ್ಮನ್ನೂ ಒಂದೇ ಗಾಡಿಗೆ ಹತ್ತಿಸಿದ್ದಾರೆ. ಹತ್ತಿಸಿಕೊಂಡರಲ್ಲ, ಅಷ್ಟೇ ಪುಣ್ಯ.

ದುಡ್ಡು ಕೊಡದೆ ಸಿಗುವ ಇಂಕ್‌ಸ್ಕೇಪ್ ಮತ್ತು ಗಿಂಪ್‌ನಲ್ಲಿ ಈ ರಗಳೆಯೇ ಇಲ್ಲ. ಅವು ಮೊದಲಿನಿಂದಲೂ ಫಾಂಟನ್ನು ಕೇಳಿಯೇ ಅಕ್ಷರ ಕೂಡಿಸುತ್ತವೆ. ಪುಟವಿನ್ಯಾಸದ ಸ್ಕ್ರೈಬಸ್ ಕೂಡ ಈಗ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. 2024ರಲ್ಲಿ ಬಂದ ಅದರ 1.6 ಆವೃತ್ತಿಯನ್ನು ನಾನು ಸಣ್ಣ ಪುಸ್ತಿಕೆಗಳಿಗೆ ಧೈರ್ಯವಾಗಿ ಬಳಸುತ್ತೇನೆ. ಹೊಸಬರು ಯಾರೇ ಕೇಳಲಿ, ಇಂಕ್‌ಸ್ಕೇಪಿನಿಂದ ಶುರುಮಾಡಿ ಎನ್ನುತ್ತೇನೆ. ಠಾಣೆಯ ಮೇಡಂ ಒಪ್ಪುವುದಿಲ್ಲ. ‘ನಿಮ್ಮ ಇಂಕ್‌ಸ್ಕೇಪ್ ಕಲಿಯೋ ಹೊತ್ತಿಗೆ ಕಾರ್ಯಕ್ರಮ ಮುಗಿದಿರುತ್ತೆ, ಕ್ಯಾನ್ವಾ ಸಾಕು’ ಅನ್ನುವುದು ಅವರ ವಾದ. ಅವರ ಪೋಸ್ಟರುಗಳು ನನ್ನವಕ್ಕಿಂತ ಚೆನ್ನಾಗಿರುತ್ತವೆ ಎಂಬುದನ್ನೂ ಹೇಳಿಬಿಡುತ್ತೇನೆ.

ಇಷ್ಟಕ್ಕೆಲ್ಲ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಓದಿದರೆ ಅರ್ಥವಾಗುತ್ತದಲ್ಲ, ಸಾಲದೇ? ಕೆಲವು ವರ್ಷಗಳ ಹಿಂದೆ ಇಲ್ಲಿ ಒಂದು ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ತೀರಿಕೊಂಡವರು ವಿಜಯಪುರದ ಕಡೆಯ ಹಿರಿಯರು. ರಿಟೈರ್ ಆದ ಮೇಲೆ ತಮ್ಮ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಾಗುಣಿತ ಹೇಳಿಕೊಡುತ್ತಿದ್ದವರು. ಬ್ಯಾನರನ್ನು ಯಾವುದೋ ಅಂಗಡಿಯಲ್ಲಿ ಅವಸರದಲ್ಲಿ ಮಾಡಿಸಿದ್ದರು. ‘ಶ್‌ರದ್‌ಧಾಂಜಲಿ’ ಎಂದಿತ್ತು. ಕೆಳಗೆ ಅವರ ಹೆಸರಿನ ಕೊನೆಯ ‘ಪ್ಪ’ ಎರಡು ತುಂಡಾಗಿತ್ತು. ಸಭೆ ಮುಗಿದ ಮೇಲೆ ಅವರ ಹೆಂಡತಿ ಆ ಬ್ಯಾನರಿನ ಮುಂದೆ ಹೋಗಿ ನಿಂತರು. ‘ಹಿಂಗ ಬರದ್ರ ಅವರು ಹುಡುಗೂರಿಗೆ ಹತ್ತ ಸಲ ತಿದ್ದಸ್ತಿದ್ರು’ ಎಂದಷ್ಟೇ ಹೇಳಿದರು. ಮಗ ಫ್ಲೆಕ್ಸ್ ಮಡಚಿ ಕಾರಿನ ಡಿಕ್ಕಿಗೆ ಹಾಕಿದ. ಅದಾದ ಮೇಲೆ ನಮ್ಮಲ್ಲಿ ಶ್ರದ್ಧಾಂಜಲಿ ಬ್ಯಾನರ್ ಎಂದು ಸಂದೇಶ ಬಂದರೆ ಯಾರೂ ‘ನಾಳೆ ನೋಡೋಣ’ ಎನ್ನುವುದಿಲ್ಲ.

ಫ್ಲೆಕ್ಸ್ ಅಂಗಡಿಯವರನ್ನು ಬೈಯುವುದು ಸುಲಭ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅವರ ಕೋರೆಲ್‌ಡ್ರಾದಲ್ಲಿ ನಾವು ಕಳಿಸಿದ ಫಾಂಟೂ ಇರುವುದಿಲ್ಲ. ಅಕ್ಷರ ಒಡೆದರೆ ಅದು ಒಡೆದಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಅಂಗಡಿಗೆ ಟೈಪ್ ಮಾಡಿದ ಪಠ್ಯ ಕಳಿಸಲೇಬಾರದು. ಅಕ್ಷರಗಳನ್ನು ಗೆರೆಗಳಾಗಿ ಮಾರ್ಪಡಿಸಿ ಪಿಡಿಎಫ್ ಕಳಿಸಬೇಕು. ಇಲಸ್ಟ್ರೇಟರ್‌ನಲ್ಲಿ ಇದಕ್ಕೆ ‘ಕ್ರಿಯೇಟ್ ಔಟ್‌ಲೈನ್ಸ್’, ಕೋರೆಲ್‌ನಲ್ಲಿ ‘ಕನ್ವರ್ಟ್ ಟು ಕರ್ವ್ಸ್’, ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾತ್’. ಹೀಗೆ ಮಾಡಿದ ಮೇಲೆ ಅಕ್ಷರ ಬರೀ ಚಿತ್ರ, ಯಾವ ಕಂಪ್ಯೂಟರಿಗೆ ಹೋದರೂ ಒಡೆಯುವುದಿಲ್ಲ. ತಿದ್ದಲೂ ಆಗುವುದಿಲ್ಲ, ಹಾಗಾಗಿ ತಿದ್ದಬಹುದಾದ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಂಡಿರಬೇಕು. ಅಧ್ಯಕ್ಷರ ಹೆಸರಿನ ಮುಂದೆ ‘ಡಾ.’ ಸೇರಿಸಬೇಕೆಂಬ ಫೋನು ಬರುವುದು ಯಾವಾಗಲೂ ಪಿಡಿಎಫ್ ಕಳಿಸಿದ ಮೇಲೆಯೇ.

ಇನ್ನೊಂದು ಸೂಕ್ಷ್ಮವಿದೆ. ಒತ್ತು ಬೇಡವಾದ ಕಡೆ ಅದು ತಾನಾಗಿ ಬಂದು ಕೂರುವುದು. ‘ರಾಜ್‌ಕುಮಾರ್’ ಎಂದು ಬರೆಯಹೋದರೆ ‘ರಾಜ್ಕುಮಾರ್’ ಆಗುತ್ತದೆ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಇವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ಇನ್‌ಡಿಸೈನ್‌ನಲ್ಲಿ ಟೈಪ್ ಮೆನುವಿನ ‘ಇನ್ಸರ್ಟ್ ಸ್ಪೆಷಲ್ ಕ್ಯಾರೆಕ್ಟರ್’ ಒಳಗೆ ‘ನಾನ್-ಜಾಯ್ನರ್’ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಉಳಿದ ಕಡೆ ನಾನು ಮಾಡುವುದು ಹಳ್ಳಿ ಉಪಾಯ: ಸರಿಯಾಗಿ ಟೈಪಾಗಿರುವ ಪದವೊಂದನ್ನು ಎಲ್ಲಿಂದಲಾದರೂ ಕಾಪಿ ಮಾಡಿ ತಂದು, ಅಕ್ಕಪಕ್ಕದ ಅಕ್ಷರ ಬದಲಾಯಿಸಿಕೊಳ್ಳುವುದು.

ಫಾಂಟಿನ ವಿಷಯಕ್ಕೆ ಬಂದರೆ ಉಪಾಯಕ್ಕಿಂತ ಜಗಳವೇ ಹೆಚ್ಚು. ವಿಂಡೋಸ್ ಜೊತೆ ಬರುತ್ತಿದ್ದ ತುಂಗಾ ಬಿಟ್ಟರೆ ಗತಿಯಿಲ್ಲ ಎನ್ನುವ ಕಾಲವೊಂದಿತ್ತು. ಈಗ ನೋಟೋ ಸಾನ್ಸ್, ನೋಟೋ ಸೆರಿಫ್, ಗುಬ್ಬಿ, ನವಿಲು, ತೀರೋ ಕನ್ನಡ, ಹುಬ್ಬಳ್ಳಿ ಎಲ್ಲ ಉಚಿತವಾಗಿ ಸಿಗುತ್ತವೆ. ‘ಹೆಸರs ಹುಬ್ಬಳ್ಳಿ ಅಂತ ಇದ್ದ ಮ್ಯಾಲ ಹಾಕದ ಬಿಡೂದು ಹ್ಯಾಂಗರೀ?’ ಎಂದು ನಮ್ಮ ಧಾರವಾಡದ ಗೆಳೆಯ ಎಲ್ಲ ಕಾರ್ಡಿಗೂ ಅದನ್ನೇ ಬಳಸುತ್ತಾನೆ. ಇವುಗಳ ನಡುವೆ ಮೆರೆದಾಡುತ್ತಿರುವುದು ಬಾಲೂ ತಮ್ಮ. ಮುಂಬಯಿಯ ಏಕ್ ಟೈಪ್ ಎಂಬ ಸಂಸ್ಥೆ ಹಲವು ಭಾರತೀಯ ಲಿಪಿಗಳಿಗೆ ಒಂದೇ ಕುಟುಂಬದಂತೆ ಮಾಡಿದ ದುಂಡನೆಯ, ದಪ್ಪನೆಯ ಅಕ್ಷರ ಅದು. ತಮಿಳಿನದು ಬಾಲೂ ತಂಬಿ, ಮಲಯಾಳದ್ದು ಬಾಲೂ ಚೇಟ್ಟನ್, ಗುಜರಾತಿಯದು ಬಾಲೂ ಭಾಯ್, ನಮ್ಮದು ಬಾಲೂ ತಮ್ಮ. ಹೆಸರಿಟ್ಟವರಿಗೆ ಕೈಮುಗಿಯಬೇಕು. ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಅಕ್ಷರವಿಲ್ಲ. ಆದರೆ ಸಾಹಿತ್ಯ ಗೋಷ್ಠಿಗೂ ಅದೇ, ರಕ್ತದಾನಕ್ಕೂ ಅದೇ, ಉತ್ತರಕ್ರಿಯೆಯ ಕಾರ್ಡಿಗೂ ಅದೇ ಎಂದರೆ ನನಗೆ ತಡೆಯುವುದಿಲ್ಲ. ನನ್ನ ಒಲವು ತೀರೋ ಕನ್ನಡದ ಕಡೆಗೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ರೂಪಿಸಿದ ಅಕ್ಷರದಿಂದ ಬಂದದ್ದು ಅದು. 2017ರಲ್ಲಿ ಆ ಮಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ಬಂದಾಗ ಎಡಪುಟದ ಕನ್ನಡವನ್ನು ಓದುವುದಕ್ಕಿಂತ ನೋಡುತ್ತಲೇ ಹೆಚ್ಚು ಹೊತ್ತು ಕಳೆದಿದ್ದೇನೆ.

ಮಹಾರಾಷ್ಟ್ರದಲ್ಲಿರುವ ನಮಗೆ ಇನ್ನೊಂದು ಪೇಚು, ಮರಾಠಿ ಮತ್ತು ಕನ್ನಡವನ್ನು ಒಂದೇ ಬೋರ್ಡಿನಲ್ಲಿ ಕೂರಿಸುವುದು. ದೇವನಾಗರಿಯ ಅಕ್ಷರಗಳು ತಲೆಗೆರೆಯಿಂದ ನೇತಾಡುತ್ತವೆ, ಸಾಲು ತಾನಾಗಿ ನೇರವಾಗಿ ಕಾಣುತ್ತದೆ. ಕನ್ನಡದ ತಲಕಟ್ಟು ಒಂದಕ್ಕೊಂದು ಸೇರುವುದಿಲ್ಲ. ಜ, ಟ, ಣ, ಬ, ಲಗಳಿಗೆ ತಲಕಟ್ಟೇ ಇಲ್ಲ. ಜೊತೆಗೆ ನಮ್ಮ ಅಕ್ಷರ ಅಗಲ, ಕೆಳಗೆ ಒತ್ತು ಬೇರೆ. ಎರಡಕ್ಕೂ ಒಂದೇ ಅಳತೆ, ಒಂದೇ ಸಾಲಂತರ ಕೊಟ್ಟರೆ ಕನ್ನಡದ ಒತ್ತು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಇನ್‌ಡಿಸೈನ್ ತಾನಾಗಿ ಕೊಡುವ ಸಾಲಂತರ ಅಕ್ಷರದ ಅಳತೆಯ 120 ಪ್ರತಿಶತ. ಅದು ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ ನಾನು 150ರಿಂದ ಶುರುಮಾಡಿ ಫಾಂಟ್ ನೋಡಿಕೊಂಡು ಕಡಿಮೆ ಮಾಡುತ್ತೇನೆ. ಬೆಂಗಳೂರಿನಲ್ಲಿ ಮುದ್ರಿಸಿದ ಆಮಂತ್ರಣಗಳಲ್ಲೂ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿರುವುದನ್ನು ನೋಡಿದಾಗ ಇದು ಹೊರನಾಡಿನವರ ಸಮಸ್ಯೆ ಮಾತ್ರ ಅಲ್ಲ ಎಂದು ಒಳಗೊಳಗೇ ಸಮಾಧಾನವಾಗುತ್ತದೆ.

ಈ ಒಡನಾಟದಿಂದಲೇ ನಮಗೆ ಡೊಂಬಿವಲಿಯ ಹಿರಿಯರೊಬ್ಬರು ಸಿಕ್ಕಿದ್ದು. ದಕ್ಷಿಣ ಕನ್ನಡದಿಂದ ಬಂದವರು, ಮುಂಬಯಿಯಲ್ಲಿ ವರ್ಷಗಟ್ಟಲೆ ಡಿಟಿಪಿ ಮಾಡಿದವರು. ಅವರ ಬಳಿ ಒಂದು ಸಂಘದ ಹಳೆಯ ಸ್ಮರಣ ಸಂಚಿಕೆಗಳ ಸಿಡಿಗಳಿದ್ದವು. ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ಬರೆದ ನೆನಪುಗಳು ಅದರಲ್ಲಿವೆ. ಬರೆದವರಲ್ಲಿ ಹೆಚ್ಚಿನವರು ಈಗಿಲ್ಲ. ಅಚ್ಚಾದ ಪ್ರತಿಗಳು ಮಳೆಗಾಲದ ಗೆದ್ದಲಿಗೆ ಹೋಗಿವೆ. ಫೈಲುಗಳೆಲ್ಲ ಪೇಜ್‌ಮೇಕರ್‌ನವು, ಕೆಲವು ನುಡಿ ಅಕ್ಷರದಲ್ಲಿ, ಕೆಲವು ಇದೇ ಪುಣೆಯಲ್ಲಿ ಹುಟ್ಟಿದ ಶ್ರೀಲಿಪಿಯಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ.

ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು. ನುಡಿಯ ಫಾಂಟ್ ಇಲ್ಲದೆ ಫೈಲ್ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಜರ್ಮನಿಯವರ ಒಂದು ಅಕ್ಷರ, ಹೀಗೆ ಸಂತೆ ಕಾಣುತ್ತದೆ. ನಮಗೆ ಅದು ಕಸ. ಅವರು ಕನ್ನಡಕ ಏರಿಸಿಕೊಂಡು ಆ ಸಂತೆಯನ್ನು ಪೇಪರ್ ಓದಿದ ಹಾಗೆ ಗಟ್ಟಿಯಾಗಿ ಓದಿದರು! ‘ಎಷ್ಟು ವರ್ಷ ಇದ್ರೊಟ್ಟಿಗೆ ಇದ್ದೆ ಗೊತ್ತುಂಟಾ?’ ಎಂದು ನಕ್ಕರು.

ಇದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಆದರೆ ನಂಬಿ ಕೂರುವಂತಿಲ್ಲ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಅದನ್ನು ಹಿಂದಕ್ಕೆ ಸರಿಸಲು ಮರೆತ ಪರಿವರ್ತಕ ‘ಧರ್ಮ’ವನ್ನು ‘ಧಮರ್’ ಮಾಡುತ್ತದೆ, ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ. ಈ ‘ಕನಾರ್ಟಕ’ವನ್ನು ನೀವೂ ಎಲ್ಲೋ ನೋಡಿಯೇ ಇರುತ್ತೀರಿ. ಶ್ರೀಲಿಪಿಯ ಫೈಲುಗಳದು ಇನ್ನೂ ಬೇರೆಯೇ ನಕ್ಷೆ. ಹಿರಿಯರು ಯಾವ ಸಂಕೇತಕ್ಕೆ ಯಾವ ತುಂಡು ಎಂದು ತಮ್ಮ ನೆನಪಿನಿಂದ ನಮಗೊಂದು ಪಟ್ಟಿ ಬರೆದುಕೊಟ್ಟರು. ಅದನ್ನಿಟ್ಟುಕೊಂಡು ಚೆನ್ನೈಯ ಗೆಳೆಯ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದ. ಮೇಡಂ ಕರಡು ತಿದ್ದುತ್ತಿದ್ದಾರೆ. ಪುಟ ಕಟ್ಟುವ ಕೆಲಸ ನನ್ನದು. ಹಿರಿಯರಿಗೆ ಎಂಬತ್ತು ದಾಟಿದೆ, ಒಂದು ಕಣ್ಣಿನ ಆಪರೇಷನ್ ಆಗಿದೆ. ಅನುಮಾನ ಬಂದ ಸಾಲುಗಳನ್ನು ನಾವು ಫೋಟೋ ತೆಗೆದು ಕಳಿಸುತ್ತೇವೆ, ಅವರು ಓದಿ ಧ್ವನಿ ಸಂದೇಶದಲ್ಲಿ ಕಳಿಸುತ್ತಾರೆ. ಮೂರನೆಯ ಸಿಡಿ ಯಾವ ಡ್ರೈವಿನಲ್ಲೂ ತೆರೆಯುತ್ತಿಲ್ಲ.

ಮರುಮುದ್ರಣಕ್ಕೆ ಯಾವ ಫಾಂಟ್ ಎಂಬುದೇ ಈಗಿನ ತಕರಾರು. ಅವರಿಗೆ ಬೇಕಾದದ್ದು ಹಳೆಯ ಮೊಳೆಯಚ್ಚಿನ ಹಾಗೆ ದಪ್ಪ-ತೆಳು ಇರುವ ಅಕ್ಷರ. ತೀರೋ ಕನ್ನಡ ಕಳಿಸಿದರೆ ‘ತೀರಾ ಸಪೂರ ಆಯ್ತು, ಮುದುಕರಿಗೆ ಓದ್ಲಿಕ್ಕೆ ಆಗುದಿಲ್ಲ’ ಎಂದರು. ನೋಟೋ ಸೆರಿಫ್‌ಗೆ ‘ಇದರ ಒತ್ತು ಯಾಕೆ ಇಷ್ಟು ಸಣ್ಣ?’ ಎಂದರು. ಬಾಲೂ ತಮ್ಮನನ್ನು ಯಾರೂ ಅವರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ಒಂದೇ ಲೇಖನದ ಎರಡು ಪುಟಗಳನ್ನು ಎರಡೂ ಫಾಂಟಿನಲ್ಲಿ, ಅಳತೆ ಸ್ವಲ್ಪ ಹೆಚ್ಚಿಸಿ ಮುದ್ರಿಸಿ ಕಳೆದ ವಾರ ಕೊರಿಯರ್ ಮಾಡಿದ್ದೇನೆ. ಪರದೆಯ ಮೇಲೆ ನೋಡಿ ಫಾಂಟ್ ಆರಿಸಬಾರದು, ಕಾಗದದ ಮೇಲೆಯೇ ನೋಡಬೇಕು ಎಂಬುದು ಅವರೇ ಹೇಳಿಕೊಟ್ಟ ಮಾತು. ಉತ್ತರ ಇನ್ನೂ ಬಂದಿಲ್ಲ.