ಒನಕೆ ಹಿಡಿದ ತೋಳುಗಳು

ಶಿಲ್ಪಿ ಅಶೋಕ್ ಗುಡಿಗಾರರು ರೂಪಿಸಿದ ಒನಕೆ ಓಬವ್ವನ ಪ್ರತಿಮೆಯನ್ನು ಚಿತ್ರದುರ್ಗ ನಗರದಲ್ಲಿ ನೋಡದವರು ನಮ್ಮ ಓದುಗರಲ್ಲಿ ವಿರಳ. ಕಚೇರಿಯ ಕೆಲಸಕ್ಕೋ ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಎಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದವರು ಒಮ್ಮೆಯಾದರೂ ಅದರ ಮುಂದೆ ಹಾದುಹೋಗಿರುತ್ತಾರೆ. ನಗರದ ಕ್ರೀಡಾಂಗಣಕ್ಕೂ ಆಕೆಯದೇ ಹೆಸರು. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಆಕೆಯ ಜಯಂತಿಯನ್ನು ಆಚರಿಸುತ್ತ ಬಂದಿದೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಹೋದ ಆಕೆ, ಬಂಡೆಯ ಕಿಂಡಿಯಿಂದ ನುಸುಳುತ್ತಿದ್ದ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಹೊಡೆದುರುಳಿಸಿದ ಕಥೆಯನ್ನು ನಮ್ಮ ಪುಟ್ಟ ಮಕ್ಕಳೂ ಬಲ್ಲರು. ಆಕೆಯ ಧೈರ್ಯವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆಕೆಯ ತೋಳುಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಧೈರ್ಯವೊಂದರಿಂದಲೇ ಒನಕೆ ಮೇಲೇಳುವುದಿಲ್ಲ. ಒರಳಿನ ಮುಂದೆ ನಿಂತು ಭತ್ತ ಕುಟ್ಟಿ ಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ನೋಡಬೇಕು. ಒನಕೆಯನ್ನು ತಲೆಯ ಮಟ್ಟಕ್ಕೆ ಎತ್ತುವಾಗ ಭುಜ, ಬೆನ್ನು, ತೋಳು ಒಟ್ಟಿಗೆ ದುಡಿಯುತ್ತವೆ. ಇಳಿಸುವಾಗ ನಡು ಬಾಗಿ, ತೊಡೆಗಳು ಭಾರವನ್ನು ತಾಳಿಕೊಳ್ಳುತ್ತವೆ. ಇಬ್ಬರು ಎದುರುಬದುರು ನಿಂತು ಒಂದೇ ಒರಳಿಗೆ ಸರದಿಯಂತೆ ಕುಟ್ಟುವುದಾದರೆ ಉಸಿರಿನ ಲಯವೂ ತಪ್ಪಕೂಡದು. ಇದನ್ನು ವರ್ಷಾನುವರ್ಷ ಮಾಡಿದ, ಕೊಡ ಹೊತ್ತು ಬಂಡೆ ಹತ್ತಿಳಿದ ದೇಹವೊಂದು ಆ ದಿನ ಕಿಂಡಿಯ ಬಾಯಲ್ಲಿ ನಿಂತಿತ್ತು. ಯಾವ ಗರಡಿಯೂ ಓಬವ್ವನನ್ನು ತಯಾರು ಮಾಡಲಿಲ್ಲ. ಅಡುಗೆಮನೆಯ ಪಕ್ಕದ ಒರಳೇ ಆಕೆಯ ಗರಡಿಯಾಗಿತ್ತು.

ಕೆಲಕಾಲದ ಹಿಂದೆ ನಾವು ಕೆಲವು ಕುಟುಂಬಗಳೊಡನೆ ಏಳು ಸುತ್ತಿನ ಕೋಟೆಯನ್ನು ನೋಡಲು ಹೋಗಿದ್ದೆವು. ಓಬವ್ವನ ಕಿಂಡಿಯ ಬಳಿ ಹೆಂಗಸರು ಒಬ್ಬೊಬ್ಬರಾಗಿ ತೂರಿ ನಗುತ್ತಿದ್ದರು. ನಮ್ಮಲ್ಲಿ ಅನೇಕರು ಅಲ್ಲಲ್ಲಿ ಕುಳಿತು ಏದುಸಿರು ಬಿಡುತ್ತಿರುವಾಗ, ಹಿರಿಯೂರು ಕಡೆಯ ತಾಯಿಯೊಬ್ಬರು ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡೇ ಮೆಟ್ಟಿಲೇರಿ ಬಂದರು. ಐವತ್ತು ದಾಟಿದ ವಯಸ್ಸು. ಶೇಂಗಾ ಹೊಲದ ಕಳೆ, ಮೇವಿನ ಹೊರೆ, ಹಸುಗಳ ಆರೈಕೆ ಅವರ ದಿನಚರಿ. ಗುಂಪಿನ ಹುಡುಗಿಯೊಬ್ಬಳು ಅವರ ತೋಳನ್ನು ಮುಟ್ಟಿ, “ಎಷ್ಟು ಗಟ್ಟಿ ಇದೆ ಆಂಟಿ!” ಎಂದಳು. ಆ ತಾಯಿ ಥಟ್ಟನೆ ಸೆರಗನ್ನು ಎಳೆದುಕೊಂಡರು. “ಅಯ್ಯೋ, ಇದನ್ನೇನು ನೋಡ್ತೀಯವ್ವ, ಗಂಡಸಿನ ಕೈ ಆದಂಗೆ ಆಗೈತೆ,” ಎಂದರು. ಓಬವ್ವನ ಕಿಂಡಿಯ ಎದುರಿನಲ್ಲಿಯೇ ಈ ಮಾತು ಬಂತು!

ಅವರನ್ನು ದೂರುವುದು ಹೇಗೆ? ಹೆಣ್ಣು ನೋಡಲು ಬಂದವರು ಹುಡುಗಿಯ ಕೈ ಮೃದುವೇ, ಬಣ್ಣ ಕಂದಿದೆಯೇ ಎಂದು ಅಳೆಯುವುದನ್ನು ಅವರು ಬಾಲ್ಯದಿಂದ ಕಂಡಿದ್ದಾರೆ. ವಿದ್ಯಾವಂತ ಕಥೋಲಿಕ ಕುಟುಂಬಗಳೂ ಇದಕ್ಕೆ ಹೊರತಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ಶಾಲೆಯಲ್ಲಿ ಖೋಖೋ ಆಡಿ ಬಹುಮಾನ ತಂದ ಮಗಳನ್ನು ಮೆಚ್ಚುವ ಮನೆಯವರೇ, ಆಕೆ ಹತ್ತನೆಯ ತರಗತಿಗೆ ಬಂದೊಡನೆ “ಇನ್ನು ಸಾಕು, ಮೈ ಗಡುಸಾದರೆ ನಾಳೆ ಯಾರು ಒಪ್ಪುತ್ತಾರೆ?” ಎನ್ನುತ್ತಾರೆ. ಆಟದ ಬೂಟುಗಳು ಅಟ್ಟ ಸೇರುತ್ತವೆ. ಮೂಳೆಗಳು ಗಟ್ಟಿಗೊಳ್ಳುವ ಪ್ರಾಯವೂ ಅದೇ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಓಟ, ಜಿಗಿತ, ಭಾರ ಎತ್ತುವಿಕೆಗಳಿಂದ ಹರೆಯದಲ್ಲಿ ಕೂಡಿಟ್ಟ ಮೂಳೆಯ ಬಲವೇ ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಹೆಣ್ಣಿಗೆ ಆಸರೆ.

ಹೊಸದುರ್ಗದಿಂದ ಬಹುದೂರವಿಲ್ಲದ ಕಡೂರಿನಲ್ಲಿ ಬೆಳೆದ ವೇದಾ ಕೃಷ್ಣಮೂರ್ತಿ ಬಾಲ್ಯದಲ್ಲಿ ಕರಾಟೆ ಕಲಿತವರು. 2017ರಲ್ಲಿ ಲಾರ್ಡ್ಸ್ ಮೈದಾನದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಭಾರತದ ಪರ 35 ಓಟ ಗಳಿಸಿದರು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಹಳ್ಳಿಯ ಅಂಗಳದಲ್ಲಿ ಖೋಖೋ ಕಲಿತು, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಇವರ ಮನೆಗಳಲ್ಲಿಯೂ ಯಾರಾದರೂ ಬೂಟುಗಳನ್ನು ಅಟ್ಟಕ್ಕೆ ಏರಿಸಿದ್ದರೆ?

ಹೆಣ್ಣಿನ ದೇಹವನ್ನು ದುರ್ಬಲವೆಂದು ಮೊದಲೇ ತೀರ್ಮಾನಿಸಿ ನೋಡುವುದು ನಮ್ಮ ಸೀಮೆಯ ಚಾಳಿ ಮಾತ್ರವಲ್ಲ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿ, ಗುರಿ ಮುಟ್ಟಿದ ಮೇಲೆ ಕೆಲವರು ದಣಿದು ನೆಲಕ್ಕೊರಗಿದರು. ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು. ಪರಿಣಾಮವಾಗಿ 1960ರವರೆಗೆ ಆ ಓಟವೇ ಮಹಿಳೆಯರಿಗೆ ಇಲ್ಲವಾಯಿತು. ಗಂಡಸರು ದಣಿದು ಬಿದ್ದುದಕ್ಕೆ ಯಾವ ಸ್ಪರ್ಧೆ ನಿಂತಿತೋ ನಾವರಿಯೆವು.

ದೇವಾಲಯದಲ್ಲಿ ಕೇಳಿಬರುವ ವಾಚನವೊಂದನ್ನು ಇಲ್ಲಿ ನೆನೆಯಬೇಕಾಗಿದೆ. ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಸತಿಯ ವರ್ಣನೆಯನ್ನು ಮೂರು ವರ್ಷಗಳಿಗೊಮ್ಮೆ ಸಾಧಾರಣ ಕಾಲದ 33ನೆಯ ಭಾನುವಾರದ ಬಲಿಪೂಜೆಯಲ್ಲಿ ಓದಲಾಗುತ್ತದೆ. 2023ರಲ್ಲಿ ಅದು ನವೆಂಬರ್ 19ರಂದು, ಓಬವ್ವ ಜಯಂತಿ ಕಳೆದ ಎಂಟು ದಿನಗಳಿಗೆ ಬಂದಿತ್ತು. ಆಕೆ ನೂಲುವುದನ್ನೂ ಬಡವರಿಗೆ ಕೈನೀಡುವುದನ್ನೂ ನಾವು ಆಲಿಸುತ್ತೇವೆ. ಆದರೆ ಅದೇ ಅಧ್ಯಾಯದ 17ನೆಯ ವಚನ ಆ ದಿನದ ವಾಚನದಲ್ಲಿ ಸೇರಿಲ್ಲ. ಆಕೆ ನಡುವನ್ನು ಬಲದಿಂದ ಬಿಗಿದುಕೊಂಡು ತೋಳುಗಳನ್ನು ಗಟ್ಟಿಮಾಡಿಕೊಳ್ಳುತ್ತಾಳೆಂದು ಹೇಳುವ ವಚನ ಅದು. ಮನೆಯಲ್ಲಿ ಬೈಬಲ್ ತೆರೆದಾಗ ಓದುಗರು ಆ ಸಾಲನ್ನು ಹೆಣ್ಣುಮಕ್ಕಳಿಗೆ ತೋರಿಸಬಹುದು. ಹಾಗೆಯೇ 2004ರಲ್ಲಿ ಸಂತ ಪದವಿಗೇರಿದ ಇಟಲಿಯ ವೈದ್ಯೆ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರನ್ನು, ಗರ್ಭದ ಶಿಶುವಿಗಾಗಿ 1962ರಲ್ಲಿ ಪ್ರಾಣ ತೆತ್ತ ತಾಯಿಯೆಂದು ನಾವು ಗೌರವಿಸುತ್ತೇವೆ. ಅವರು ಉತ್ಸಾಹದಿಂದ ಪರ್ವತ ಹತ್ತುತ್ತಿದ್ದರು, ಹಿಮದ ಮೇಲೆ ಜಾರುವ ಆಟವಾಡುತ್ತಿದ್ದರು ಎಂಬುದನ್ನು ಹೇಳುವವರು ಕಡಿಮೆ. ಹೆಣ್ಣಿನ ದೇಹಬಲವನ್ನು ಆಕೆ ಅದನ್ನು ಇತರರಿಗಾಗಿ ಧಾರೆಯೆರೆದ ಮೇಲೆ ಮಾತ್ರ ಹೊಗಳುವ ಅಭ್ಯಾಸ ನಮಗೆ ಅಂಟಿಬಿಟ್ಟಿದೆಯೇ ಎಂಬ ಸಂಶಯ ನಮ್ಮನ್ನು ಕಾಡುತ್ತದೆ.

ಹಾಗೆಂದು ಕೂಲಿಯ ಕಷ್ಟವನ್ನು ವ್ಯಾಯಾಮವೆಂದು ಹಾಡಿಹೊಗಳುವುದು ನಮ್ಮ ಉದ್ದೇಶವಲ್ಲ. ದಿನವಿಡೀ ಬಗ್ಗಿ ಕಳೆ ಕೀಳುವ ನಡು ಸವೆಯುತ್ತದೆ. ಗಿರಣಿ, ನಲ್ಲಿ, ಗ್ಯಾಸ್ ಒಲೆಗಳು ಬಂದದ್ದು ನಿಜವಾದ ವರವೇ. ಒರಳಿಗೆ ಮರಳಿ ಹೋಗಿ ಎಂದು ಹೇಳುವಷ್ಟು ನಿರ್ದಯರು ನಾವಲ್ಲ. ಬಲ ಬೇಕೆಂದರೆ ಅದಕ್ಕೆ ಅನ್ನವೂ ಬೇಕು, ವಿಶ್ರಾಂತಿಯೂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವ ತಾಯಿಗೆ ದೇಹವನ್ನು ಪ್ರೀತಿಸು ಎಂದು ಬರಿಮಾತಿನಲ್ಲಿ ಹೇಳಿ ಪ್ರಯೋಜನವೇನು? ನಮ್ಮ ಬಯಲುಸೀಮೆಯ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಸೊಪ್ಪು, ಕಾಳು, ಮೊಟ್ಟೆಗಳು ಜೊತೆಗೂಡಿದರೆ ಉತ್ತಮ ಊಟವೇ ಆಗುತ್ತದೆ. ಆದರೆ ಅದು ಮನೆಯೊಡತಿಯ ತಟ್ಟೆಗೂ ಬಿಸಿಯಾಗಿರುವಾಗಲೇ ಬೀಳಬೇಕು. ಗಂಡಸರೂ ಗಂಡುಮಕ್ಕಳೂ ಎದ್ದು ಬಡಿಸಿದರೆ ಕೈ ಸವೆಯುವುದಿಲ್ಲ.

ಇನ್ನು ಪಟ್ಟಣದ ಸಹೋದರಿಯರ ಸ್ಥಿತಿಯೇ ಬೇರೆ. ಕುರ್ಚಿಯ ಕೆಲಸ, ಮನೆಯ ಜಂಜಾಟ, ಮಂಡಿನೋವು, ಸಕ್ಕರೆ ಕಾಯಿಲೆ. ಬೆಳಗಿನ ಹೊತ್ತು ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟು ನಡೆಯಲು ಹೊರಡುವ ಮಧ್ಯವಯಸ್ಸಿನವರನ್ನು ನೋಡಿ ಮುಸಿಮುಸಿ ನಗುವವರಿದ್ದಾರೆ. ಅವರಲ್ಲಿ ಒಬ್ಬರು ನಮಗೆ ಹೇಳಿದ್ದುಂಟು: ತೂಕ ಇಳಿಸಲೆಂದು ಶುರುಮಾಡಿದ ನಡಿಗೆ, ತೂಕ ಹೆಚ್ಚೇನೂ ಇಳಿಯಲಿಲ್ಲ, ಆದರೆ ಒಂದು ದಿನ ಅಕ್ಕಿಯ ಮೂಟೆಯನ್ನು ಯಾರನ್ನೂ ಕರೆಯದೆ ತಾವೇ ಸರಿಸಿದಾಗ ತಮ್ಮ ಕಾಲುಗಳ ಬಗ್ಗೆ ಮೊದಲ ಬಾರಿಗೆ ಹೆಮ್ಮೆಯೆನಿಸಿತಂತೆ.

ಕೋಟೆಯಿಂದ ಇಳಿಯುವಾಗ ಆ ಹಿರಿಯೂರಿನ ತಾಯಿ ಎಲ್ಲರಿಗಿಂತ ಮುಂದಿದ್ದರು. ನುಣುಪಾದ ಬಂಡೆಯೊಂದರ ಬಳಿ ಹುಡುಗಿಯರು ಹೆದರಿ ನಿಂತಾಗ ಅವರು ಮೊಮ್ಮಗನನ್ನು ಕೆಳಗಿಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲೂರಿ ನಿಂತು ಕೈ ಚಾಚಿದರು. “ಗಟ್ಟಿಯಾಗಿ ಹಿಡ್ಕೊಳ್ರವ್ವ, ಬಿಡಲ್ಲ,” ಎಂದರು. ತೋಳು ಮುಟ್ಟಿ ಬೆರಗಾಗಿದ್ದ ಹುಡುಗಿಯೇ ಮೊದಲು ಹಿಡಿದುಕೊಂಡಳು. ಈ ಸಲ ಅವರು ತೋಳನ್ನು ಮುಚ್ಚಿಕೊಳ್ಳಲಿಲ್ಲ.