ಶಾಲಾ ಸಂಸ್ಕೃತಿ ಮತ್ತು ತರಗತಿಯ ಬೋಧನೆ: ಕೊಣ್ಣೂರು ಪರಿಸರವನ್ನು ಅನುಲಕ್ಷಿಸಿ

ಕನ್ನಡ ಬೋಧನೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಪಠ್ಯಪುಸ್ತಕ, ಬೋಧನಾ ವಿಧಾನ ಹಾಗೂ ಶಿಕ್ಷಕರ ತರಬೇತಿ ಎಂಬ ಮೂರು ನೆಲೆಗಳಲ್ಲಿ ನಡೆಯುತ್ತವೆ. ಇವು ಮುಖ್ಯವಾದ ನೆಲೆಗಳೇ ಆಗಿವೆ. ಆದರೆ ಒಂದೇ ಪಠ್ಯ, ಒಂದೇ ಬಗೆಯ ತರಬೇತಿ, ಒಂದೇ ಸಾಮಾಜಿಕ ಹಿನ್ನೆಲೆಯ ಮಕ್ಕಳಿದ್ದರೂ ಎರಡು ಶಾಲೆಗಳ ಕಲಿಕೆಯಲ್ಲಿ ವ್ಯತ್ಯಾಸ ಕಂಡುಬರುವುದುಂಟು. ಈ ವ್ಯತ್ಯಾಸದ ಕಾರಣವನ್ನು ಒಬ್ಬ ಶಿಕ್ಷಕನ ಸಾಮರ್ಥ್ಯದಲ್ಲಿ ಮಾತ್ರ ಹುಡುಕಲಾಗದು. ತರಗತಿಯ ಹೊರಗೆ, ಇಡೀ ಶಾಲೆಯಲ್ಲಿ ಹರಡಿಕೊಂಡಿರುವ ನಡೆ, ನುಡಿ, ನಂಬಿಕೆಗಳು ತರಗತಿಯ ಬೋಧನೆಯನ್ನು ಪೋಷಿಸುತ್ತವೆ ಇಲ್ಲವೇ ಕುಗ್ಗಿಸುತ್ತವೆ. ಇವುಗಳ ಒಟ್ಟು ರೂಪವನ್ನೇ ಇಲ್ಲಿ ಶಾಲಾ ಸಂಸ್ಕೃತಿ ಎಂದು ಕರೆಯಲಾಗಿದೆ. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರು ಪರಿಸರವನ್ನು ಮುಂದಿಟ್ಟುಕೊಂಡು ಈ ಪರಿಕಲ್ಪನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪರಿಕಲ್ಪನೆಯ ಸ್ವರೂಪ

ಶಾಲೆಗೆ ತನ್ನದೇ ಆದ ಸಂಸ್ಕೃತಿಯಿದೆ ಎಂಬ ವಿಚಾರವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲ್ಲರ್ಡ್ ವಾಲರ್ 1932ರಲ್ಲಿಯೇ ಮಂಡಿಸಿದ್ದನು. 1979ರಲ್ಲಿ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಲಂಡನ್ನಿನ 12 ಪ್ರೌಢಶಾಲೆಗಳನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ವಿಚಾರಕ್ಕೆ ಆಧಾರ ಒದಗಿಸಿತು. ಮಕ್ಕಳ ಹಿನ್ನೆಲೆಯ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಶಾಲೆಗಳ ಫಲಿತಾಂಶದಲ್ಲಿ ಅಂತರ ಉಳಿಯಿತು. ಕಟ್ಟಡದ ಗಾತ್ರ, ವಯಸ್ಸುಗಳಿಗಿಂತ ಶಾಲೆಯ ಒಟ್ಟು ವಾತಾವರಣವೇ ಈ ಅಂತರವನ್ನು ಹೆಚ್ಚು ವಿವರಿಸುತ್ತಿತ್ತು. ಜೂಡಿತ್ ವಾರೆನ್ ಲಿಟ್ಲ್ 1982ರಲ್ಲಿ ಮತ್ತೊಂದು ಮುಖವನ್ನು ಗುರುತಿಸಿದರು. ಶಿಕ್ಷಕರು ತಮ್ಮ ಬೋಧನೆಯ ಬಗ್ಗೆ ನಿರ್ದಿಷ್ಟವಾಗಿ ಮಾತನಾಡುವ, ಪರಸ್ಪರರ ತರಗತಿಗಳನ್ನು ನೋಡುವ, ಪಾಠಗಳನ್ನು ಕೂಡಿ ಸಿದ್ಧಪಡಿಸುವ ರೂಢಿಯಿರುವ ಶಾಲೆಗಳು ಸುಧಾರಣೆಗೆ ಹೆಚ್ಚು ತೆರೆದುಕೊಂಡಿರುತ್ತವೆ ಎಂಬುದು ಅವರ ಅಧ್ಯಯನದ ಸಾರ.

ಭಾರತದ ಸಂದರ್ಭದಲ್ಲಿ ಕೃಷ್ಣಕುಮಾರ್ ಅವರು ಶಿಕ್ಷಕನನ್ನು 'ದೀನ ಸರ್ವಾಧಿಕಾರಿ' ಎಂದು ವರ್ಣಿಸಿರುವುದು ಗಮನಾರ್ಹ. ಇಲಾಖೆಯ ಮುಂದೆ ದೀನನಾದವನು ಮಕ್ಕಳ ಮುಂದೆ ಸರ್ವಾಧಿಕಾರಿಯಾಗುತ್ತಾನೆ. ಸಹೋದ್ಯೋಗಿಗಳೊಂದಿಗೆ ಬೋಧನೆಯನ್ನು ಚರ್ಚಿಸುವ ಅವಕಾಶವೇ ಇಲ್ಲದ ಕಡೆ ಈ ಎರಡು ಪಾತ್ರಗಳ ನಡುವಿನ ಮೂರನೆಯ ಪಾತ್ರ, ಅಂದರೆ ವೃತ್ತಿಬಂಧುವಿನ ಪಾತ್ರ, ರೂಪುಗೊಳ್ಳುವುದಿಲ್ಲ.

ಕನ್ನಡ ನಾಡಿನ ಪರಂಪರೆ

ಶಾಲೆಯನ್ನು ಸಮುದಾಯವೇ ಪೋಷಿಸಿದ ನಿದರ್ಶನಗಳು ಕನ್ನಡ ನಾಡಿಗೆ ಹೊಸವಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಕ್ರಿ.ಶ. 945ರ ಶಾಸನವು ಅಲ್ಲಿನ ವಿದ್ಯಾಶಾಲೆಗೆ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗಾಗಿ, ದೀಪಕ್ಕಾಗಿ ಬಿಟ್ಟ ದತ್ತಿಗಳನ್ನು ಹೇಳುತ್ತದೆ. ಮದುವೆ, ಉಪನಯನಗಳ ಸಂದರ್ಭದಲ್ಲಿ ಊರವರು ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಮನೆಯ ಶುಭಕಾರ್ಯದೊಂದಿಗೆ ಶಾಲೆಯ ಹಿತವನ್ನು ಜೋಡಿಸಿದ ಈ ವ್ಯವಸ್ಥೆ ಅಂದಿನ ಸಾಮಾಜಿಕ ಮಿತಿಗಳೊಳಗಿನದೇ ಆಗಿತ್ತು; ಎಲ್ಲರಿಗೂ ತೆರೆದ ಶಾಲೆ ಅದಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಕನ್ನಡ ಶಾಲೆಗಳನ್ನು ಕಟ್ಟಿದ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕಟ್ಟಡಗಳಷ್ಟೇ ಮಹತ್ವವನ್ನು ಶಿಕ್ಷಕರ ಸಿದ್ಧತೆಗೆ ನೀಡಿದರು. 1865ರಲ್ಲಿ ಆರಂಭವಾದ 'ಮಠಪತ್ರಿಕೆ' ಶಿಕ್ಷಕರನ್ನು ಉದ್ದೇಶಿಸಿದ ಪತ್ರಿಕೆ. ಚದುರಿದ ಹಳ್ಳಿಗಳಲ್ಲಿ ಒಂಟಿಯಾಗಿ ಪಾಠ ಹೇಳುತ್ತಿದ್ದ ಶಿಕ್ಷಕರನ್ನು ಒಂದು ವೃತ್ತಿಸಮುದಾಯವಾಗಿ ಬೆಸೆಯುವ ಆಶಯ ಅಲ್ಲಿದೆ. ಶಾಲೆಗೆ 'ಮಠ' ಎಂಬ ಹೆಸರೇ ಬಳಕೆಯಲ್ಲಿದ್ದುದನ್ನೂ ಪತ್ರಿಕೆಯ ಶೀರ್ಷಿಕೆ ಸೂಚಿಸುತ್ತದೆ.

ಕೊಣ್ಣೂರಿನ ಸಂದರ್ಭ

ಮಲಪ್ರಭೆಯ ದಂಡೆಯ ಕೊಣ್ಣೂರು ಶಾಸನಗಳಲ್ಲಿ 'ಕೊಳನೂರು' ಎಂದು ಉಲ್ಲೇಖಗೊಂಡಿದೆ. ರಾಷ್ಟ್ರಕೂಟ ಅಮೋಘವರ್ಷನು ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ಬಂಕೇಯನು ಕಟ್ಟಿಸಿದ ಬಸದಿಗೆ ನೀಡಿದ ದಾನವನ್ನು ಇಲ್ಲಿನ ಶಾಸನ ದಾಖಲಿಸುತ್ತದೆ. ತಾಮ್ರಪಟದಲ್ಲಿದ್ದ ಈ ದಾನಪತ್ರವನ್ನು ಎಷ್ಟೋ ಕಾಲದ ನಂತರ ವೀರನಂದಿಮುನಿಯು ಕಲ್ಲಿನ ಮೇಲೆ ಬರೆಯಿಸಿದನು. ಸಂಸ್ಥೆಯೊಂದರ ನೆನಪು ವ್ಯಕ್ತಿಗಳ ಜೊತೆ ಅಳಿಯಬಾರದೆಂಬ ಎಚ್ಚರ ಈ ಮರುಬರಹದಲ್ಲಿ ಕಾಣುತ್ತದೆ.

ಇಂದಿನ ಸರ್ಕಾರಿ ಶಾಲೆಗೆ ಕೊರತೆಯಾಗಿರುವುದು ಮುಖ್ಯವಾಗಿ ಈ ನೆನಪೇ. ಉತ್ಸಾಹಿ ಮುಖ್ಯೋಪಾಧ್ಯಾಯರೊಬ್ಬರು ಗೋಡೆಪತ್ರಿಕೆ, ಓದುವ ಅವಧಿ, ಪಾಲಕರ ಸಭೆಗಳನ್ನು ರೂಢಿಗೆ ತರಬಹುದು. ಅವರು ವರ್ಗವಾಗಿ ಹೋದೊಡನೆ ಇವೆಲ್ಲ ನಿಂತುಹೋದರೆ ಅಲ್ಲಿದ್ದದ್ದು ವ್ಯಕ್ತಿಯ ಹುರುಪೇ ಹೊರತು ಶಾಲೆಯ ಸಂಸ್ಕೃತಿಯಲ್ಲ. ಯಾವ ಮಗು ಯಾವ ಅಕ್ಷರದಲ್ಲಿ ತೊಡರುತ್ತದೆ, ಯಾವ ಪಾಠಕ್ಕೆ ಯಾವ ಚಟುವಟಿಕೆ ಫಲಿಸಿತು ಎಂಬ ವಿವರಗಳು ಮುಂದಿನ ಶಿಕ್ಷಕರ ಕೈಸೇರಿದಾಗ ಮಾತ್ರ ಬೋಧನೆ ಪ್ರತಿವರ್ಷ ಮೊದಲಿನಿಂದ ಆರಂಭವಾಗುವುದು ತಪ್ಪುತ್ತದೆ.

ಈ ಪರಿಸರದ ಎರಡು ಸಂಗತಿಗಳು ಶಾಲೆಯ ದಿನಚರಿಯನ್ನು ನೇರವಾಗಿ ತಟ್ಟುತ್ತವೆ. ಮೊದಲನೆಯದು ಒಕ್ಕಲುತನ. ನರಗುಂದ ಸೀಮೆ ಎರೆಭೂಮಿಯ ನಾಡು. ಮುಂಗಾರಿನ ಹೆಸರು, ಹಿಂಗಾರಿನ ಕಡಲೆ, ಬಿಳಿಜೋಳಗಳ ಸುಗ್ಗಿಯ ದಿನಗಳಲ್ಲಿ ಮಕ್ಕಳ ಕೈಗೂ ಕೆಲಸ ಬೀಳುತ್ತದೆ. ಎರಡನೆಯದು ನದಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹಕ್ಕೆ ಕೊಣ್ಣೂರು ಸಿಲುಕಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೇ ಕಡಿದುಹೋಯಿತು. ಇಂತಹ ಕಾರಣಗಳಿಂದ ಹಲವು ದಿನ ಶಾಲೆ ತಪ್ಪಿಸಿಕೊಂಡ ಮಗು ಮರಳಿದಾಗ ಅದಕ್ಕೆ ಬೈಗುಳ ಕಾದಿದೆಯೇ, ಬಿಟ್ಟುಹೋದ ಪಾಠವನ್ನು ಹಿಡಿದುಕೊಳ್ಳುವ ಏರ್ಪಾಡು ಕಾದಿದೆಯೇ ಎಂಬುದನ್ನು ನಿರ್ಧರಿಸುವುದು ಶಾಲೆಯ ಸಂಸ್ಕೃತಿ. ಗೈರುಹಾಜರಿಯನ್ನು ಮಗುವಿನ ತಪ್ಪೆಂದು ಎಣಿಸುವ ಶಾಲೆ ಆ ಮಗುವನ್ನು ಕ್ರಮೇಣ ಕಳೆದುಕೊಳ್ಳುತ್ತದೆ.

ಮನೆಯ ನುಡಿ, ಶಾಲೆಯ ನುಡಿ

ಕನ್ನಡ ಬೋಧಕರಿಗೆ ಅತ್ಯಂತ ಹತ್ತಿರದ ಪ್ರಶ್ನೆ ಭಾಷೆಯದು. ಈ ಭಾಗದ ಮಗು 'ಮನೆ', 'ತಲೆ', 'ಎಮ್ಮೆ' ಎಂಬುದಕ್ಕೆ 'ಮನಿ', 'ತಲಿ', 'ಎಮ್ಮಿ' ಎನ್ನುತ್ತದೆ. 'ಮನೆಯಲ್ಲಿ ಇದೆ' ಎಂಬುದು 'ಮನ್ಯಾಗ ಐತಿ' ಆಗುತ್ತದೆ. 'ಹೊಲಕ್ಕೆ' ಎಂಬುದು 'ಹೊಲಕ್ಕ' ಆಗುತ್ತದೆ. ಇವು ತಪ್ಪುಗಳಲ್ಲ, ಪದಾಂತ್ಯದ ಎಕಾರ ನಾಮಪದಗಳಲ್ಲಿ ಇಕಾರವಾಗುವುದು, ಚತುರ್ಥಿಯ 'ಕ್ಕೆ' ಎಂಬುದು 'ಕ್ಕ' ಆಗುವುದು, ಸಪ್ತಮಿಗೆ 'ಆಗ' ಬರುವುದು ನಿಯಮಬದ್ಧ ವ್ಯಾಕರಣ. ಬೇಂದ್ರೆಯವರ ಕಾವ್ಯಕ್ಕೆ ಜೀವ ತುಂಬಿದ್ದೂ ಈ ಸೀಮೆಯ ನುಡಿಯೇ.

ನುರಿತ ಶಿಕ್ಷಕರು ಎರಡೂ ರೂಪಗಳನ್ನು ಹಲಗೆಯ ಮೇಲೆ ಎದುರುಬದುರಾಗಿ ಬರೆದು, ಅವುಗಳ ನಡುವಿನ ನಿಯಮವನ್ನು ಮಕ್ಕಳಿಂದಲೇ ಹೊರಡಿಸಬಲ್ಲರು. ಆಗ ಮಗು ಬರಹದ ಕನ್ನಡವನ್ನು ಕಲಿಯುವುದರ ಜೊತೆಗೆ ತನ್ನ ನುಡಿಯನ್ನೂ ಅರಿತುಕೊಳ್ಳುತ್ತದೆ. ಆದರೆ ಇದೇ ಮಗು ಪ್ರಾರ್ಥನಾ ಸಭೆಯಲ್ಲಿ 'ಐತಿ' ಎಂದಾಗ ನಗೆಗೀಡಾದರೆ, ಮುಂದಿನ ತರಗತಿಯ ಶಿಕ್ಷಕರು 'ಶುದ್ಧವಾಗಿ ಮಾತಾಡು' ಎಂದು ಗದರಿದರೆ ಹಿಂದಿನ ತರಗತಿಯ ಗಳಿಕೆ ಉಳಿಯುವುದಿಲ್ಲ. ಮಗು ಮಾತಾಡುವುದನ್ನೇ ಬಿಡುತ್ತದೆ. ಮಾತಾಡದ ಮಗುವಿಗೆ ಬರೆಯಲು ಕಲಿಸುವುದು ಕಷ್ಟ. ಒಬ್ಬ ಶಿಕ್ಷಕರ ಉತ್ತಮ ವಿಧಾನ ಇಡೀ ಶಾಲೆಯ ಒಪ್ಪಿತ ನಡೆಯಾಗದಿದ್ದರೆ ಏಕೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಆದೇಶ ಮತ್ತು ಆಚರಣೆ

ಶಾಲೆ ಹಾಗೂ ಸಮುದಾಯವನ್ನು ಬೆಸೆಯಲು ಕರ್ನಾಟಕ ಸರ್ಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರೂಪಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರಿರಬೇಕೆಂದು ವಿಧಿಸಿತು. ದೈಹಿಕ ಶಿಕ್ಷೆಯನ್ನೂ ನಿಷೇಧಿಸಿತು. ಚೌಕಟ್ಟು ಹೀಗೆ ಸಿದ್ಧವಾಗಿದ್ದರೂ ಸಮಿತಿಯ ಸಭೆ ಕಟ್ಟಡ, ಬಿಸಿಯೂಟ, ಸಹಿಗಳಲ್ಲಿಯೇ ಮುಗಿದರೆ ಕಲಿಕೆಯ ಮಾತು ಅಲ್ಲಿ ಬರುವುದೇ ಇಲ್ಲ. ಅಕ್ಷರ ಬಾರದ ತಾಯಿಯೂ ತನ್ನ ಮಗುವಿನ ಓದನ್ನು ಕಿವಿಯಾರೆ ಕೇಳಿ, ಅದು ತಡವರಿಸುವುದನ್ನು ಗುರುತಿಸಬಲ್ಲಳು ಎಂಬ ವಿಶ್ವಾಸದಿಂದ ಸಭೆ ನಡೆದಾಗ ಅದರ ಸ್ವರೂಪವೇ ಬದಲಾಗುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಇಲ್ಲಿ ಪಾಠವಾಗಬಲ್ಲದು. ಶಿಕ್ಷಕರೇ ಕೂಡಿ ಕಲಿಕಾ ಕಾರ್ಡುಗಳನ್ನು ರೂಪಿಸಿದ್ದು ಅದರ ಮೂಲಶಕ್ತಿ. ಕಾರ್ಡುಗಳನ್ನು ಆದೇಶದ ಮೂಲಕ ಎಲ್ಲೆಡೆ ತಲುಪಿಸಬಹುದು. ಅವುಗಳನ್ನು ಹುಟ್ಟಿಸಿದ ಕೂಡುದುಡಿಮೆಯನ್ನು ಹಾಗೆ ತಲುಪಿಸಲಾಗದು.

ಗಟ್ಟಿಯಾದ ಸಂಸ್ಕೃತಿಯೆಲ್ಲ ಒಳ್ಳೆಯದೆಂದು ಭಾವಿಸುವುದೂ ಸರಿಯಲ್ಲ. ಮೌನವನ್ನೇ ಶಿಸ್ತೆಂದು, ಏಕರೂಪತೆಯನ್ನೇ ಒಗ್ಗಟ್ಟೆಂದು ತಿಳಿದ ಶಾಲೆಯ ಸಂಸ್ಕೃತಿಯೂ ಗಟ್ಟಿಯಾದುದೇ. ಊರಿನ ಜಾತಿಯ ಅಂತರಗಳನ್ನು ಊಟದ ಪಂಕ್ತಿಯಲ್ಲಿ, ಕೂರುವ ಜಾಗದಲ್ಲಿ ಮುಂದುವರಿಸುವ ಶಾಲೆಯದೂ ಅಂತಹುದೇ. ಆದ್ದರಿಂದ ಸಂಸ್ಕೃತಿಯ ಬಲವನ್ನು ಅಳೆಯುವ ಮಾನದಂಡ, ತರಗತಿಯ ಅತ್ಯಂತ ಹಿಂದೆ ಕುಳಿತ ಮಗು ಅಂಜಿಕೆಯಿಲ್ಲದೆ ಪ್ರಶ್ನೆ ಕೇಳಬಲ್ಲುದೇ ಎಂಬುದಾಗಿರಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಶಿಕ್ಷಕರು ಬೋಧನೆಯನ್ನು ಪರಸ್ಪರ ಚರ್ಚಿಸಲು ವಾರದಲ್ಲಿ ನಿಗದಿತ ವೇಳೆ ಇರಬೇಕು. ಕಲಿಕೆಯ ಅನುಭವಗಳು ಬರಹದಲ್ಲಿ ಉಳಿದು ವರ್ಗಾವಣೆಯನ್ನು ಮೀರಿ ಮುಂದುವರಿಯಬೇಕು. ಮಗುವಿನ ಮನೆಯ ನುಡಿಯ ಬಗೆಗೆ ಇಡೀ ಶಾಲೆ ಒಂದೇ ನಿಲುವನ್ನು ತಳೆಯಬೇಕು. ಕೊನೆಯ ಅಂಶದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳ ಹೊಣೆ ದೊಡ್ಡದು. ಉಪಭಾಷೆಗಳ ಕುರಿತ ಸಂಶೋಧನೆ ಹಳ್ಳಿಯ ಶಾಲೆಯ ಹಲಗೆಯವರೆಗೆ ತಲುಪಿದಾಗ ಮಾತ್ರ ಅದರ ಪ್ರಯೋಜನ ಪೂರ್ಣವಾಗುತ್ತದೆ.